ಜಂಗಿ ಪಲ್ಟನ್: ಮುಂಬೈ, ಪುಣೆ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಖಡ್ಕಿ, ಘೋರ್ಪಡಿ, ದೇಹು ರೋಡ್ ಕಡೆ ನೆಲೆ ನಿಂತ ಕನ್ನಡದವರಲ್ಲಿ ಬೆಳಗಾವಿ, ನಿಪ್ಪಾಣಿ, ಖಾನಾಪುರ ಕಡೆಯವರು ಬಹಳ. ಅನೇಕರ ಮನೆಯಲ್ಲಿ ಮಿಲ್ಟ್ರಿಯ ನಂಟು ಇದೆ. ಮಾತು ಆ ಕಡೆ ತಿರುಗಿದರೆ ಮರಾಠಾ ಲೈಟ್ ಇನ್‌ಫೆಂಟ್ರಿಯ ಹೆಸರು ಬಂದೇ ಬರುತ್ತದೆ. ಅದರ ಮೊದಲ ಬೆಟಾಲಿಯನ್ ಬಗ್ಗೆ ನನ್ನನ್ನು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಈ ಪಲ್ಟನ್ ಹುಟ್ಟಿದ್ದು ಮುಂಬೈಯಲ್ಲಿ. ಮೊದಲ ಮಹಾಯುದ್ಧಕ್ಕೆ ಹೋಗಿದ್ದು ಪುಣೆ ಡಿವಿಜನ್ ಜೊತೆ. ಅದರ ರೆಜಿಮೆಂಟಿನ ತವರು ಬೆಳಗಾವಿ. ನಡುವೆ ನಮ್ಮ ಮೈಸೂರು ಸೀಮೆಯ ಮೇಲೂ ಅದು ಯುದ್ಧ ಮಾಡಿದೆ. ಅದನ್ನು ಬಿಟ್ಟು ಉಳಿದದ್ದನ್ನಷ್ಟೇ ಹೇಳಿದರೆ ಇತಿಹಾಸ ಆಗುವುದಿಲ್ಲ.

ಜಂಗಿ ಪಲ್ಟನ್ ಅಂದರೆ ಯಾವುದು?

ಮರಾಠಾ ಲೈಟ್ ಇನ್‌ಫೆಂಟ್ರಿಯ 1ನೇ ಬೆಟಾಲಿಯನ್. ರೆಜಿಮೆಂಟ್ ದೊಡ್ಡ ಮನೆತನ ಇದ್ದ ಹಾಗೆ, ಬೆಟಾಲಿಯನ್ ಅದರೊಳಗಿನ ಒಂದೊಂದು ಸಂಸಾರ. ಪ್ರತಿ ಬೆಟಾಲಿಯನ್ನಿಗೂ ತನ್ನದೇ ಕಮಾಂಡಿಂಗ್ ಆಫೀಸರ್, ತನ್ನದೇ ಹಬ್ಬ, ತನ್ನದೇ ನೆನಪುಗಳು. ಜವಾನರು ತಮ್ಮ ಬೆಟಾಲಿಯನ್ನನ್ನು ಸುಮ್ನೆ ‘ಪಲ್ಟನ್’ ಅನ್ನುತ್ತಾರೆ. ಎರಡನೇ ಬೆಟಾಲಿಯನ್ನಿಗೆ ‘ಕಾಳಿ ಪಾಂಚ್ವೀಂ’ ಅನ್ನುವ ಹೆಸರಿದೆ. ಮೂರನೆಯದು ಈಗ ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿ ಇಲ್ಲ, ಪ್ಯಾರಾಶೂಟ್ ರೆಜಿಮೆಂಟಿಗೆ ಹೋಯಿತು. ಅದರ ವಿಷಯ ಮುಂದೆ ಬರುತ್ತದೆ.

ಇದು ಎಲ್ಲಿ, ಯಾವಾಗ ಹುಟ್ಟಿತು?

1768ರ ಆಗಸ್ಟ್, ಮುಂಬೈ. ಆಗಿನ ಹೆಸರು ಬಾಂಬೆ ಸಿಪಾಯಿಗಳ 2ನೇ ಬೆಟಾಲಿಯನ್. ಈಸ್ಟ್ ಇಂಡಿಯಾ ಕಂಪನಿಯ ಹತ್ತಿರ ಮೊದಲು ಬಿಡಿಬಿಡಿ ಸಿಪಾಯಿ ತುಕಡಿಗಳಿದ್ದವು. ಮುಂಬೈ ದ್ವೀಪಗಳನ್ನೂ ಕಂಪನಿಯ ಕೋಠಿಗಳನ್ನೂ ಕಾಯುವುದು ಅವುಗಳ ಕೆಲಸ. ಅಂಥವನ್ನು ಸೇರಿಸಿ ಸರಿಯಾದ ಬೆಟಾಲಿಯನ್ ಕಟ್ಟಿದರು.

ಅದೇ ವರ್ಷ ನಮ್ಮ ಕರಾವಳಿಯಲ್ಲಿ ಏನಾಗುತ್ತಿತ್ತು ಗೊತ್ತಾ? ಮೊದಲ ಮೈಸೂರು ಯುದ್ಧ ನಡೆದಿತ್ತು. 1768ರ ಆರಂಭದಲ್ಲಿ ಮುಂಬೈಯಿಂದ ಹಡಗಿನಲ್ಲಿ ಬಂದ ಕಂಪನಿ ಸೈನ್ಯ ಮಂಗಳೂರು ಹಿಡಿಯಿತು. ಮೇ ತಿಂಗಳ ಹೊತ್ತಿಗೆ ಹೈದರಾಲಿ ಅದನ್ನು ವಾಪಸ್ ಕಿತ್ತುಕೊಂಡಿದ್ದ. ಮುಂಬೈಯ ಕಂಪನಿ ಸೈನ್ಯ, ಕನ್ನಡ ನೆಲ ಎರಡೂ ಈ ಪಲ್ಟನ್ ಹುಟ್ಟುವ ಮೊದಲೇ ಎದುರುಬದುರಾಗಿದ್ದವು.

ಶುರುವಿನಿಂದಲೂ ಮರಾಠರೇ ಇದ್ದರಾ?

ಇಲ್ಲ. ಬಾಂಬೆ ಸೈನ್ಯದಲ್ಲಿ ಕೊಂಕಣದ ಮರಾಠರು, ಮಹಾರರು, ಮುಸ್ಲಿಮರು, ಬೆನೆ ಇಸ್ರೇಲ್ ಯಹೂದಿಗಳು, ಉತ್ತರದ ಪೂರ್ಬಿಯಾಗಳು ಹೀಗೆ ಎಲ್ಲರೂ ಇದ್ದರು. ‘ಮರಾಠಾ’ ಅನ್ನುವುದು ಹೆಸರಿಗೆ ಸೇರಿದ್ದು 1903ರಲ್ಲಿ. ಆಗ ಇದು 103ನೇ ಮರಾಠಾ ಲೈಟ್ ಇನ್‌ಫೆಂಟ್ರಿ ಆಯಿತು. ಅದಕ್ಕೆ ಮುಂಚೆ ಬಹುಕಾಲ 3ನೇ ಬಾಂಬೆ ನೇಟಿವ್ ಇನ್‌ಫೆಂಟ್ರಿ. 1922ರಲ್ಲಿ ಹಳೆಯ ಪಲ್ಟನ್‌ಗಳನ್ನು ಸೇರಿಸಿ ರೆಜಿಮೆಂಟ್ ಕಟ್ಟಿದಾಗ 5ನೇ ಮರಾಠಾ ಲೈಟ್ ಇನ್‌ಫೆಂಟ್ರಿಯ ಮೊದಲ ಬೆಟಾಲಿಯನ್ ಅನಿಸಿಕೊಂಡಿತು. ಹಳೆಯ ಕಾಗದಪತ್ರ ಓದುವವರು ಈ ಹೆಸರುಗಳನ್ನು ನೆನಪಿಟ್ಟುಕೊಳ್ಳಬೇಕು. ಇಲ್ಲದಿದ್ದರೆ ಒಂದೇ ಪಲ್ಟನ್ ನಾಲ್ಕು ಪಲ್ಟನ್ ಹಾಗೆ ಕಾಣುತ್ತದೆ.

ಟಿಪ್ಪು ಸುಲ್ತಾನನ ವಿರುದ್ಧ ಇದೇ ಪಲ್ಟನ್ ಹೋರಾಡಿತ್ತಾ?

ಹೌದು. ಅದೂ ಎಲ್ಲೋ ದೂರದಲ್ಲಿ ಅಲ್ಲ, ಪಿರಿಯಾಪಟ್ಟಣದ ಹತ್ತಿರ.

1799ರ ಫೆಬ್ರವರಿ, ಮಾರ್ಚ್. ಕಂಪನಿಯ ದೊಡ್ಡ ಸೈನ್ಯ ಮದ್ರಾಸ್ ಕಡೆಯಿಂದ ಶ್ರೀರಂಗಪಟ್ಟಣಕ್ಕೆ ಹೊರಟಿತ್ತು. ಬಾಂಬೆ ಸೈನ್ಯ ಜನರಲ್ ಜೇಮ್ಸ್ ಸ್ಟುವರ್ಟ್ ಕೈಕೆಳಗೆ ಕಣ್ಣೂರಿನಿಂದ ಘಟ್ಟ ಹತ್ತಿ ಕೊಡಗಿನ ದಾರಿಯಲ್ಲಿ ಬರುತ್ತಿತ್ತು. ಕೊಡಗಿನ ಗಡಿಯ ಸಿದ್ಧೇಶ್ವರ ಬೆಟ್ಟದ ಬಳಿ ಮುಂಚೂಣಿ ಠಾಣ್ಯ ಹಾಕಿದ್ದು ಮೂರು ಸಿಪಾಯಿ ಬೆಟಾಲಿಯನ್‌ಗಳು. ನಾಯಕ ಕರ್ನಲ್ ಮಾಂಟ್ರೆಸರ್. ಆ ಮೂರರಲ್ಲಿ ಒಂದು ನಮ್ಮ ಜಂಗಿ ಪಲ್ಟನ್, ಇನ್ನೊಂದು ಇವತ್ತಿನ ಕಾಳಿ ಪಾಂಚ್ವೀಂ. ಕೊಡಗಿನ ದೊರೆ ದೊಡ್ಡ ವೀರರಾಜೇಂದ್ರ ಕಂಪನಿಯ ಕಡೆಗಿದ್ದ.

ಮಾರ್ಚ್ 5ರಂದು ಬೆಟ್ಟದ ತುದಿಯಿಂದ ನೋಡಿದವರಿಗೆ ಪಿರಿಯಾಪಟ್ಟಣದ ಬಯಲಲ್ಲಿ ಸಾಲು ಸಾಲು ಡೇರೆಗಳು ಕಂಡವು. ನಡುವೆ ದೊಡ್ಡದೊಂದು ಹಸಿರು ಡೇರೆ. ಸುಲ್ತಾನ ಖುದ್ದಾಗಿ ಬಂದಿದ್ದಾನೆ ಅನ್ನುವ ಅನುಮಾನ ಹುಟ್ಟಿದ್ದು ಅದರಿಂದ. ಮರುದಿನ ಬೆಳಗ್ಗೆ ಟಿಪ್ಪುವಿನ ಸೈನ್ಯ ಕಾಡಿನ ಮರೆಯಲ್ಲಿ ಸುತ್ತುವರಿದು ಮುಂದಿನಿಂದಲೂ ಹಿಂದಿನಿಂದಲೂ ಮೇಲೆ ಬಿತ್ತು. ಮೂರೂ ಪಲ್ಟನ್‌ಗಳು ಗಂಟೆಗಟ್ಟಲೆ ಜಾಗ ಬಿಡದೆ ನಿಂತವು. ಮಧ್ಯಾಹ್ನದ ಮೇಲೆ ಸ್ಟುವರ್ಟ್ ಕುಮ್ಮಕ್ಕು ತಂದ ಮೇಲೆ ಟಿಪ್ಪು ಹಿಂದೆ ಸರಿದ. ಅವನ ಹೆಸರಾಂತ ಸರದಾರ ಮಹಮ್ಮದ್ ರಜಾ ಅಲ್ಲೇ ಸತ್ತ. ಜನ ಅವನನ್ನು ‘ಬೆಂಕಿ ನವಾಬ’ ಅನ್ನುತ್ತಿದ್ದರು. ಎರಡು ತಿಂಗಳಾಗುವಷ್ಟರಲ್ಲಿ, ಮೇ 4ರಂದು, ಶ್ರೀರಂಗಪಟ್ಟಣ ಬಿತ್ತು. ಆ ಮುತ್ತಿಗೆಯಲ್ಲೂ ಬಾಂಬೆ ಸೈನ್ಯ ಇತ್ತು.

ಆ ದಿನ ಎರಡೂ ಕಡೆ ಸತ್ತವರಲ್ಲಿ ಹೆಚ್ಚಿನವರು ಈ ನೆಲದ ಮಕ್ಕಳೇ. ಇದನ್ನು ಹೇಳುವಾಗ ನನಗೆ ಯಾವ ಹೆಮ್ಮೆಯೂ ಬರುವುದಿಲ್ಲ. ಹಾಗಂತ ಅಲ್ಲಿ ನಿಂತ ಸಿಪಾಯಿಯ ಎದೆಗಾರಿಕೆ ಸುಳ್ಳು ಅನ್ನುವುದಕ್ಕೂ ಬಾಯಿ ಬರುವುದಿಲ್ಲ.

ಹಾಗಾದರೆ ಶ್ರೀರಂಗಪಟ್ಟಣ ಗೆದ್ದ ಗೌರವವನ್ನು ಪಲ್ಟನ್ ಈಗಲೂ ಆಚರಿಸುತ್ತದಾ?

ಇಲ್ಲ. ಭಾರತದ ರಾಜರ ಮೇಲೆ ನಡೆದ ಯುದ್ಧಗಳಲ್ಲಿ ಕಂಪನಿ ಕೊಟ್ಟ ಸಮರ ಗೌರವಗಳನ್ನು ಸ್ವತಂತ್ರ ಭಾರತದ ಸೈನ್ಯ ಪಕ್ಕಕ್ಕಿಟ್ಟಿದೆ. ಅವನ್ನು ನಿಶಾನಿನ ಮೇಲೆ ಬರೆಯುವುದಿಲ್ಲ, ಆ ದಿನಗಳನ್ನು ಹಬ್ಬ ಮಾಡುವುದೂ ಇಲ್ಲ. ದಾಖಲೆಯಲ್ಲಿ ಮಾತ್ರ ಇರುತ್ತವೆ. ಇದು ಸರಿಯಾದ ತೀರ್ಮಾನ ಅಂತ ನನ್ನ ಅಭಿಪ್ರಾಯ. ನಡೆದದ್ದನ್ನು ಅಳಿಸಿಲ್ಲ, ಮೆರೆಸಿಯೂ ಇಲ್ಲ.

ಭೀಮಾ ಕೋರೆಗಾಂವ್‌ನ ಪಲ್ಟನ್ ಇದೇನಾ?

ಅಲ್ಲ. ಪುಣೆಯಲ್ಲಿ ಈ ಗೊಂದಲ ಜಾಸ್ತಿ. 1818ರ ಜನವರಿ 1ರಂದು ಕೋರೆಗಾಂವ್‌ನಲ್ಲಿ ಕ್ಯಾಪ್ಟನ್ ಸ್ಟಾಂಟನ್ ಜೊತೆ ಇದ್ದದ್ದು ಬಾಂಬೆ ನೇಟಿವ್ ಇನ್‌ಫೆಂಟ್ರಿಯ 1ನೇ ರೆಜಿಮೆಂಟಿನ 2ನೇ ಬೆಟಾಲಿಯನ್. ಆ ಸಾಲು ಮುಂದೆ ಗ್ರೆನೇಡಿಯರ್ಸ್ ಕಡೆಗೆ ಹೋಯಿತು. ಅಲ್ಲಿನ ಕಂಬದ ಮೇಲೆ ಮಹಾರ್ ಸಿಪಾಯಿಗಳ ಹೆಸರುಗಳಿವೆ. 1927ರಲ್ಲಿ ಡಾ. ಅಂಬೇಡ್ಕರ್ ಅಲ್ಲಿಗೆ ಹೋಗಿದ್ದರು. ಅದರ ಕಥೆಗೆ ಬೇರೆಯೇ ಜಾಗ ಬೇಕು.

ಟಿಪ್ಪು ಕಾಲದಿಂದ ಮೊದಲ ಮಹಾಯುದ್ಧದವರೆಗೆ ಏನು ಮಾಡಿತು?

1848-49ರ ಸಿಖ್ ಯುದ್ಧದಲ್ಲಿ ಮುಲ್ತಾನ್ ಮುತ್ತಿಗೆಗೆ ಹೋಯಿತು. 1868ರಲ್ಲಿ ಜನರಲ್ ನೇಪಿಯರ್ ಜೊತೆ ಅಬಿಸೀನಿಯಾಕ್ಕೆ, ಅಂದರೆ ಇವತ್ತಿನ ಇಥಿಯೋಪಿಯಾಕ್ಕೆ ಹೋಯಿತು. ಮಿಕ್ಕ ಕಾಲ ಹೆಚ್ಚಾಗಿ ಛಾವಣಿಯಿಂದ ಛಾವಣಿಗೆ ಬದಲಿ.

ಪುಣೆ ಡಿವಿಜನ್ ಅಂದರೇನು? ಕುತ್ ಅಂತ ಹಳಬರು ಹೇಳುವುದು ಯಾವ ಊರು?

ಈ ಪ್ರಶ್ನೆಗೆ ಸ್ವಲ್ಪ ಉದ್ದ ಉತ್ತರ ಕೊಡುತ್ತೇನೆ. ಪುಣೆಯ ಹೆಸರು ಹೊತ್ತ ಇಷ್ಟು ದೊಡ್ಡ ದುರಂತ ಪುಣೆಯವರಿಗೇ ಹೆಚ್ಚು ಗೊತ್ತಿಲ್ಲ.

ಹಲವು ಪಲ್ಟನ್ ಸೇರಿ ಬ್ರಿಗೇಡ್, ಹಲವು ಬ್ರಿಗೇಡ್ ಸೇರಿ ಡಿವಿಜನ್. ಬ್ರಿಟಿಷ್ ಭಾರತದ ಸೈನ್ಯದಲ್ಲಿ 6ನೇ ಡಿವಿಜನ್ನಿಗೆ ‘ಪೂನಾ ಡಿವಿಜನ್’ ಅಂತ ಹೆಸರು. 1914ರ ಅಕ್ಟೋಬರ್‌ನಲ್ಲಿ ಅದರ ಮೊದಲ ಬ್ರಿಗೇಡ್ ಹಡಗು ಹತ್ತಿತು. ನವೆಂಬರ್‌ನಲ್ಲಿ ಇರಾಕ್‌ನ ಫಾವ್ ಎಂಬಲ್ಲಿ ಇಳಿಯಿತು. ಅಲ್ಲಿನ ಎಣ್ಣೆಯ ಮೇಲೆ ಬ್ರಿಟಿಷರ ಕಣ್ಣಿತ್ತು. ಡಿವಿಜನ್ನಿನಲ್ಲಿ ಮೂರು ಮರಾಠಾ ಪಲ್ಟನ್‌ಗಳಿದ್ದವು: 103, 110, 117. ನಮ್ಮದು 103. 110 ಮುಂದೆ ರೆಜಿಮೆಂಟಿನ ಮೂರನೇ ಬೆಟಾಲಿಯನ್ ಆಯಿತು.

ಬಸ್ರಾ ಸುಲಭವಾಗಿ ಸಿಕ್ಕಿತು. ಆ ಗೆಲುವು ತಲೆಗೇರಿತು. ಜನರಲ್ ಟೌನ್‌ಶೆಂಡ್ ಕೈಕೆಳಗೆ ಡಿವಿಜನ್ ಟೈಗ್ರಿಸ್ ನದಿಗುಂಟ ಮೇಲೆ ಮೇಲೆ ಹೋಯಿತು. ಗುರಿ ಬಾಗ್ದಾದ್. ದೋಣಿ ಕಡಿಮೆ, ಗಾಡಿ ಕಡಿಮೆ, ಡಾಕ್ಟರು ಕಡಿಮೆ. ಆದರೂ ಹೋದರು. 1915ರ ನವೆಂಬರ್ 22ರಂದು ಬಾಗ್ದಾದ್‌ಗೆ ಹತ್ತಿರದ ಟೆಸಿಫೋನ್‌ನಲ್ಲಿ ತುರ್ಕರು ಕಾದು ಕೂತಿದ್ದರು. ಮೊದಲ ದಿನ ಮುಂದಿನ ಸಾಲು ಹಿಡಿದದ್ದೇನೋ ನಿಜ. ಆದರೆ ಆ ಕೆಲವೇ ದಿನಗಳಲ್ಲಿ ಸತ್ತವರು, ಗಾಯಗೊಂಡವರು ಸೇರಿ ಸುಮಾರು 4,600 ಮಂದಿ ಕೈಬಿಟ್ಟುಹೋದರು. ಗಾಯಾಳುಗಳನ್ನು ಸ್ಪ್ರಿಂಗ್ ಇಲ್ಲದ ಗಾಡಿಗಳಲ್ಲಿ ನದಿಯವರೆಗೆ ಸಾಗಿಸಿದರು. ಆ ಗಾಡಿಗಳಲ್ಲೇ ಎಷ್ಟೋ ಜನ ಪ್ರಾಣ ಬಿಟ್ಟರು.

ಹಿಂದೆ ಸರಿದು ಕುತ್-ಅಲ್-ಅಮಾರಾ ಎಂಬ ಊರಿಗೆ ಬಂದರು. ನದಿ ಮೂರು ಕಡೆ ಸುತ್ತಿಕೊಂಡ ಊರು. ಡಿಸೆಂಬರ್ 7ರಿಂದ ಮುತ್ತಿಗೆ ಶುರು. ಬಿಡಿಸಲು ಹೊರಟ ಸೈನ್ಯ ಮತ್ತೆ ಮತ್ತೆ ಸೋತಿತು. ಒಳಗಿದ್ದವರನ್ನು ಉಳಿಸಲು ಹೋಗಿ ಹೊರಗೆ ಸುಮಾರು 23,000 ಮಂದಿ ಸತ್ತರು ಇಲ್ಲವೇ ಗಾಯಗೊಂಡರು.

ಒಳಗೆ ಗೋಧಿ ಮುಗಿದು ಜವೆಗೋಧಿ ಬಂತು. ಆಮೇಲೆ ಕುದುರೆ ಮಾಂಸ. ನಮ್ಮ ಜವಾನರು ಬಹಳ ದಿನ ಅದನ್ನು ಮುಟ್ಟಲಿಲ್ಲ. ಧರ್ಮ ಒಂದು ಕಾರಣ, ಊರಿಗೆ ಹೋದರೆ ಜಾತಿಯವರು ಏನಂದಾರು ಅನ್ನುವ ಅಳುಕು ಇನ್ನೊಂದು. ಊರಿನ ಧರ್ಮಗುರುಗಳಿಂದ ಒಪ್ಪಿಗೆ ತರಿಸಿಕೊಟ್ಟರೂ ಸುಲಭಕ್ಕೆ ಒಪ್ಪಲಿಲ್ಲ. ತರಕಾರಿ ಇಲ್ಲ, ಹಣ್ಣಿಲ್ಲ. ವಸಡು ಊದಿ ರಕ್ತ ಸೋರುವ ಸ್ಕರ್ವಿ ಬಂತು. 1916ರ ಏಪ್ರಿಲ್‌ನಲ್ಲಿ ವಿಮಾನದಿಂದ ಹಿಟ್ಟಿನ ಮೂಟೆ ಎಸೆದರು. ವಿಮಾನದಿಂದ ಸೈನ್ಯಕ್ಕೆ ಆಹಾರ ಇಳಿಸಿದ ಮೊದಮೊದಲ ಪ್ರಯತ್ನಗಳಲ್ಲಿ ಅದೂ ಒಂದು. ಸಾಲಲಿಲ್ಲ. ಸುಮಾರು ಐದು ತಿಂಗಳ ನಂತರ, ಏಪ್ರಿಲ್ 29ರಂದು, ಸುಮಾರು 13,000 ಜನ ಶರಣಾದರು.

ನಿಜವಾದ ನರಕ ಶುರುವಾದದ್ದು ಆಮೇಲೆ. ಹಸಿದ ಜನರನ್ನು ಮರಳುಗಾಡಿನಲ್ಲಿ ನಡೆಸಿದರು. ನಂತರ ಬಾಗ್ದಾದ್ ರೈಲ್ವೆ ಕೆಲಸಕ್ಕೆ ಹಚ್ಚಿದರು. ಸಾವಿರಾರು ಮಂದಿ ವಾಪಸ್ ಬರಲೇ ಇಲ್ಲ. ಜನರಲ್ ಸಾಹೇಬರು ಮಾತ್ರ ಇಸ್ತಾಂಬುಲ್ ಹತ್ತಿರದ ದ್ವೀಪದ ಬಂಗಲೆಯಲ್ಲಿ ಆರಾಮಾಗಿದ್ದರು. ಓದುವಾಗ ಹೊಟ್ಟೆ ಉರಿಯುತ್ತದೆ.

ಪಲ್ಟನ್ ಮಾತ್ರ ಸಾಯಲಿಲ್ಲ. ಹೊಸ ಜವಾನರಿಂದ ಮತ್ತೆ ಎದ್ದು ನಿಂತಿತು. ಈ ಪಲ್ಟನ್ನಿನ ಇಡೀ ಇತಿಹಾಸದಲ್ಲಿ ಒಂದೇ ಒಂದು ಅಧ್ಯಾಯ ಮಕ್ಕಳಿಗೆ ಹೇಳಬೇಕೆಂದರೆ ನಾನು ಕುತ್ ಆರಿಸಿಕೊಳ್ಳುತ್ತೇನೆ. ಅಲ್ಲಿ ಗೆಲುವಿಲ್ಲ, ಸರಿ. ಆದರೆ ಸೈನಿಕ ಏನೇನು ಸಹಿಸಬೇಕಾಗುತ್ತದೆ ಅನ್ನುವುದೆಲ್ಲ ಇದೆ.

ಅಲ್ಲಿ ಸತ್ತವರ ಹೆಸರು ಎಲ್ಲಾದರೂ ಇದೆಯಾ?

ಮೆಸೊಪೊಟೇಮಿಯಾದಲ್ಲಿ, ಅಂದರೆ ಇವತ್ತಿನ ಇರಾಕ್ ಕಡೆ, ಸತ್ತು ಸಮಾಧಿ ಗೊತ್ತಿಲ್ಲದವರಿಗಾಗಿ ಬಸ್ರಾ ಸ್ಮಾರಕ ಇದೆ. 40,000ಕ್ಕೂ ಹೆಚ್ಚು ಮಂದಿಯ ನೆನಪಿಗೆ ಕಟ್ಟಿದ್ದು. ಆದರೆ ಕಲ್ಲಿನ ಮೇಲೆ ಭಾರತೀಯ ಸಾಮಾನ್ಯ ಸಿಪಾಯಿಗಳ ಹೆಸರು ಕೆತ್ತಲಿಲ್ಲ. ಪಲ್ಟನ್ ಹೆಸರು, ಕೆಳಗೆ ಇಂತಿಷ್ಟು ಜನ ಅನ್ನುವ ಸಂಖ್ಯೆ, ಅಷ್ಟೇ. ಬ್ರಿಟಿಷ್ ಸಿಪಾಯಿಗೆ ಹೆಸರು, ನಮ್ಮವರಿಗೆ ಅಂಕಿ. ಈ ಅನ್ಯಾಯಕ್ಕೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ 2021ರಲ್ಲಿ ಕ್ಷಮೆ ಕೇಳಿತು.

ನಮ್ಮ ಹಳ್ಳಿಗಳು ಹಾಗೆ ಮಾಡಲಿಲ್ಲ ಅನ್ನೋಣ ಎಂದರೆ, ಅಲ್ಲೂ ಸರ್ಕಾರ ನೆಟ್ಟ ಕಲ್ಲುಗಳು ಇಷ್ಟು ಜನ ಹೋದರು, ಇಷ್ಟು ಜನ ಸತ್ತರು ಅಂತಲೇ ಹೇಳುತ್ತವೆ. ಪುಣೆಯಿಂದ ಸತಾರಾ ಕಡೆ ಹೋಗುವವರು ಅಪಶಿಂಗೆ ನೋಡಬಹುದು. ಊರಿನ ಹೆಸರಿಗೇ ‘ಮಿಲಿಟರಿ’ ಅಂತ ಸೇರಿಕೊಂಡಿದೆ. ಮೊದಲ ಮಹಾಯುದ್ಧದಲ್ಲಿ ಸತ್ತ ಆ ಊರಿನ 46 ಮಂದಿಯ ನೆನಪು ಅಲ್ಲಿದೆ.

ವಿಕ್ಟೋರಿಯಾ ಕ್ರಾಸ್ ಸಿಕ್ಕಿದ್ದು ಯಾರಿಗೆ?

ಬ್ರಿಟಿಷರ ಕಾಲದ ಅತಿ ದೊಡ್ಡ ಶೌರ್ಯ ಪದಕ ಅದು. ಸಿಕ್ಕಿದ್ದು ಈ ಪಲ್ಟನ್ನಿನ ಸಿಪಾಯಿ ನಾಮದೇವ ಜಾಧವ್ ಅವರಿಗೆ. ಅಹಮದ್‌ನಗರ ಜಿಲ್ಲೆಯವರು, ಪಲ್ಟನ್ನಿನೊಳಗಿನ ಒಂದು ತುಕಡಿಯ (ಅದಕ್ಕೂ ಕಂಪನಿ ಅಂತಲೇ ಹೆಸರು) ರನ್ನರ್. ಅಂದರೆ ಸುದ್ದಿ ಹೊತ್ತು ಓಡುವವರು. 1945ರ ಏಪ್ರಿಲ್ 9, ಇಟಲಿಯ ಸೆನಿಯೋ ನದಿ. ಎರಡೂ ದಡದಲ್ಲಿ ಎತ್ತರದ ಏರಿ, ಏರಿಯೊಳಗೆ ಜರ್ಮನ್ ಮಷಿನ್ ಗನ್. ನದಿ ದಾಟಿದ ಮುಂದಿನ ತುಕಡಿಯಲ್ಲಿ ಇವರೊಬ್ಬರನ್ನು ಬಿಟ್ಟು ಉಳಿದವರೆಲ್ಲ ಸತ್ತರು ಇಲ್ಲವೇ ಗಾಯಗೊಂಡರು. ಜಾಧವ್ ಒಬ್ಬ ಗಾಯಾಳುವನ್ನು ಹೊತ್ತು, ಆಳದ ನೀರು ದಾಟಿ, ಏರಿ ಹತ್ತಿ, ನೆಲಬಾಂಬ್ ಹುಗಿದ ಜಾಗದಲ್ಲಿ ನಡೆದು ಬಿಟ್ಟು ಬಂದರು. ಮತ್ತೆ ಹೋಗಿ ಇನ್ನೊಬ್ಬರನ್ನು ತಂದರು. ಮೂರನೇ ಸಲ ಹೋದದ್ದು ಮಷಿನ್ ಗನ್ ಬಾಯಿ ಮುಚ್ಚಿಸಲು. ಕೈಗೆ ಗುಂಡು ತಗುಲಿ ಟಾಮಿ ಗನ್ ಹಿಡಿಯಲಾಗದಾದಾಗ ಅದನ್ನು ಬಿಸಾಕಿ ಗ್ರೆನೇಡ್ ಎಸೆದರು. ಮೂರು ಠಾಣೆ ಮುಗಿಸಿ, ಏರಿಯ ಮೇಲೆ ನಿಂತು ಮರಾಠಾ ರಣಘೋಷ ಕೂಗಿ ಉಳಿದವರನ್ನು ಕೈಬೀಸಿ ಕರೆದರು.

ಅದೇ ರೆಜಿಮೆಂಟಿನ ಮೂರನೇ ಬೆಟಾಲಿಯನ್ನಿನ ನಾಯಕ್ ಯಶವಂತ ಘಾಡಗೆ ಅವರಿಗೂ ವಿಕ್ಟೋರಿಯಾ ಕ್ರಾಸ್ ಬಂತು. ಅವರು 1944ರ ಜುಲೈ 10ರಂದು ಇಟಲಿಯಲ್ಲೇ ಪ್ರಾಣ ಬಿಟ್ಟರು. ಇಬ್ಬರನ್ನೂ ಒಬ್ಬರೇ ಅಂದುಕೊಳ್ಳುವವರು ಇದ್ದಾರೆ.

ಗೋವಾ ವಿಮೋಚನೆಯಲ್ಲಿ ಈ ಪಲ್ಟನ್ ಇತ್ತಾ?

ಅದೇ ಕಾರ್ಯಾಚರಣೆ, ಆದರೆ ಜಾಗ ಗೋವಾ ಅಲ್ಲ, ದಮನ್. 1961ರ ಡಿಸೆಂಬರ್ 18ರ ಬೆಳಕು ಹರಿಯುವ ಮುಂಚೆ ಲೆಫ್ಟಿನೆಂಟ್ ಕರ್ನಲ್ ಭೋಂಸ್ಲೆ ನೇತೃತ್ವದಲ್ಲಿ ಜಂಗಿ ಪಲ್ಟನ್ ದಮನ್ ಮೇಲೆ ಹೋಯಿತು. ಮೊದಲು ವಿಮಾನ ನಿಲ್ದಾಣದ ಕಡೆ, ಆಮೇಲೆ ಒಂದೊಂದೇ ಭಾಗ. 19ರಂದು ಪೋರ್ಚುಗೀಸರು ಶರಣಾದರು. ಪಣಜಿ, ಮಡಗಾಂವ್‌ನ ಕನ್ನಡಿಗರು ವಿಮೋಚನಾ ದಿನದಂದು ದಮನ್‌ನ್ನೂ ನೆನೆಯಬೇಕು ಅಂತ ನನ್ನ ಆಸೆ. ಗೋವಾದೊಳಗೆ ಹೋದ ಪಡೆಗಳು ಜಮಾಯಿಸಿದ್ದು ನಮ್ಮ ಬೆಳಗಾವಿ ಸುತ್ತಮುತ್ತ. ಅದರಲ್ಲಿ 2 ಪ್ಯಾರಾ ಮರಾಠಾ ಇತ್ತು, ಫೋಂಡಾ ಕಡೆ ಸಾಗಿದ್ದು ಅದೇ. ಮರಾಠಾದ ಹಳೆಯ ಮೂರನೇ ಬೆಟಾಲಿಯನ್ ಪ್ಯಾರಾಶೂಟ್ ರೆಜಿಮೆಂಟಿಗೆ ಸೇರಿ ಪಡೆದ ಹೆಸರು ಅದು.

1971ರಲ್ಲಿ ಜಮಾಲ್‌ಪುರದಲ್ಲಿ ಏನಾಯಿತು? ಗುಂಡು ಸುತ್ತಿದ ಪತ್ರದ ಕಥೆ ನಿಜಾನಾ?

ನಿಜ. ಜಮಾಲ್‌ಪುರ ಇವತ್ತಿನ ಬಾಂಗ್ಲಾದೇಶದ ಉತ್ತರದಲ್ಲಿ, ಹಳೆ ಬ್ರಹ್ಮಪುತ್ರಾದ ದಂಡೆಯ ಊರು. ಢಾಕಾಕ್ಕೆ ಹೋಗುವ ದಾರಿಯ ಬಾಗಿಲು. ಒಳಗೆ ಪಾಕಿಸ್ತಾನದ 31 ಬಲೂಚ್ ಪಲ್ಟನ್ ಬಲವಾಗಿ ಬೇರೂರಿತ್ತು. ಎದುರಿಗೆ ನಮ್ಮ 95 ಮೌಂಟನ್ ಬ್ರಿಗೇಡ್, ಅದರಲ್ಲಿ 1 ಮರಾಠಾ, ಅಂದರೆ ಜಂಗಿ ಪಲ್ಟನ್. ಪಲ್ಟನ್ನಿನ ಕಮಾಂಡರ್ ಲೆಫ್ಟಿನೆಂಟ್ ಕರ್ನಲ್ ಕೆ. ಎಸ್. ಬ್ರಾರ್.

ಎದುರಿನಿಂದ ನುಗ್ಗುವ ಬದಲು ನದಿ ದಾಟಿ ಹಿಂದಿನಿಂದ ದಾರಿ ಕಟ್ಟಿದರು. ಆಮೇಲೆ ಬ್ರಿಗೇಡಿನ ಕಮಾಂಡರ್ ಬ್ರಿಗೇಡಿಯರ್ ಹರದೇವ್ ಸಿಂಗ್ ಕ್ಲೇರ್ ಶರಣಾಗುವಂತೆ ಪತ್ರ ಬರೆದರು. ಒಯ್ದವರು ಮುಕ್ತಿಬಾಹಿನಿಯ, ಅಂದರೆ ಬಾಂಗ್ಲಾ ಸ್ವಾತಂತ್ರ್ಯ ಹೋರಾಟಗಾರರ ಪಡೆಯ, ಜೊಹುರುಲ್ ಹಕ್ ಮುನ್ಶಿ, ಕೈಯಲ್ಲಿ ಬಿಳಿ ಬಾವುಟ. ಒಳಗಿದ್ದವರು ಅವರನ್ನು ಹೊಡೆದರು. ಆದರೂ ಉತ್ತರ ಹೊತ್ತು ಜೀವಂತ ಬಂದರು. ಬಿಚ್ಚಿ ನೋಡಿದರೆ ಕಾಗದದಲ್ಲಿ ಒಂದು ಬಂದೂಕಿನ ಗುಂಡು. 31 ಬಲೂಚ್‌ನ ಕಮಾಂಡರ್ ಕರ್ನಲ್ ಸುಲ್ತಾನ್ ಬರೆದ ಮಾತಿನ ತಾತ್ಪರ್ಯ ಇಷ್ಟು: ಯುದ್ಧ ಇನ್ನೂ ಶುರುವೇ ಆಗಿಲ್ಲ, ಮುಂದಿನ ಸಲ ಪೆನ್ನಿನ ಬದಲು ಸ್ಟೆನ್ ಗನ್ ಹಿಡಿದು ಬನ್ನಿ.

ಡಿಸೆಂಬರ್ 10ರ ರಾತ್ರಿ ಪಾಕಿಸ್ತಾನಿ ಸೈನಿಕರು ಕತ್ತಲಲ್ಲಿ ಮುತ್ತಿಗೆ ಮುರಿದು ಢಾಕಾ ಕಡೆ ಓಡಲು ಹೊರಟರು. ಆ ರಸ್ತೆಯ ಮೇಲೆ ಕಾದು ಕೂತಿದ್ದವರು ಮರಾಠರು. ಬೆಳಗಾಗುವ ಹೊತ್ತಿಗೆ ಜಮಾಲ್‌ಪುರದ ಕಥೆ ಮುಗಿದಿತ್ತು. ಬ್ರಾರ್ ಅವರಿಗೆ ವೀರಚಕ್ರ ಬಂತು. ಮುನ್ಶಿಯವರಿಗೆ ಬಾಂಗ್ಲಾದೇಶ ಬೀರ್ ಪ್ರತೀಕ್ ಕೊಟ್ಟಿತು.

ನನಗೆ ಬಹಳ ಇಷ್ಟವಾದದ್ದು ಇದರ ಮುಂದಿನ ಭಾಗ. 11ರ ಸಂಜೆ ದಕ್ಷಿಣಕ್ಕೆ ಟಂಗೈಲ್ ಹತ್ತಿರ, ಪುಂಗ್ಲಿ ಸೇತುವೆ ಹಿಡಿಯಲು ಆಕಾಶದಿಂದ ಇಳಿದದ್ದು 2 ಪ್ಯಾರಾ. ಅದೇ ಹಳೆಯ ಮೂರನೇ ಮರಾಠಾ. ಜಮಾಲ್‌ಪುರದಿಂದ ಕೆಳಗಿಳಿದು ಬಂದು ಅವರನ್ನು ಕೂಡಿಕೊಂಡಿದ್ದು 1 ಮರಾಠಾ. ಕುತ್‌ನಲ್ಲಿ 103, 110 ಅಂತ ಒಟ್ಟಿಗೆ ಹಸಿದಿದ್ದ ಅವೇ ಎರಡು ಪಲ್ಟನ್‌ಗಳು. ಈ ಸಲ ಸ್ವಂತ ದೇಶದ ಬಾವುಟದ ಕೆಳಗೆ, ಸ್ವಂತ ಆಫೀಸರ್‌ಗಳ ಕೈಕೆಳಗೆ. ಡಿಸೆಂಬರ್ 16ರಂದು ಢಾಕಾ ಶರಣಾಯಿತು.

ಸಿಂಹಗಡಕ್ಕೂ ರೆಜಿಮೆಂಟಿಗೂ ಏನು ಸಂಬಂಧ?

1670ರ ಫೆಬ್ರವರಿ 4ರಂದು ಶಿವಾಜಿಯ ಸರದಾರ ತಾನಾಜಿ ಮಾಲುಸರೆ ಜೀವ ಕೊಟ್ಟು ಕೊಂಢಾಣಾ, ಅಂದರೆ ಇವತ್ತಿನ ಸಿಂಹಗಡ, ಗೆದ್ದರು. ಆ ದಿನವನ್ನೇ ರೆಜಿಮೆಂಟ್ ತನ್ನ ದಿನವಾಗಿ ಆಚರಿಸುತ್ತದೆ. ಕಂಪನಿ ಕೊಟ್ಟ ತಾರೀಖು ಬಿಟ್ಟು ಈ ತಾರೀಖು ಹಿಡಿದದ್ದು ಚೆನ್ನಾಗಿದೆ ಅಲ್ವಾ?

ಪುಣೆಯಲ್ಲಿ ಏನು ನೋಡಬಹುದು?

ಘೋರ್ಪಡಿಯ ದಕ್ಷಿಣ ಕಮಾಂಡ್ ರಾಷ್ಟ್ರೀಯ ಯುದ್ಧ ಸ್ಮಾರಕ. ಜನರೇ ದೇಣಿಗೆ ಕೊಟ್ಟು ಕಟ್ಟಿಸಿದ್ದು, 1998ರಲ್ಲಿ ತೆರೆಯಿತು. ಮಕ್ಕಳು ಮಿಗ್ ವಿಮಾನದ ಹತ್ತಿರ ಓಡುತ್ತಾರೆ, ಓಡಲಿ. ನೀವು ಹುತಾತ್ಮರ ಹೆಸರುಗಳ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿ. ಖಡ್ಕಿಯ ಯುದ್ಧ ಸಮಾಧಿ ಸ್ಥಳವೂ ಇದೆ.

ಕನ್ನಡದ ಹುಡುಗರು ಈ ರೆಜಿಮೆಂಟಿಗೆ ಸೇರಬಹುದಾ?

ಕರ್ನಾಟಕದ ಹುಡುಗರು, ಅದರಲ್ಲೂ ಬೆಳಗಾವಿ ಕಡೆಯವರು, ಹಿಂದಿನಿಂದಲೂ ಇದ್ದಾರೆ. 2022ರಿಂದ ಭರ್ತಿ ಅಗ್ನಿಪಥ ಯೋಜನೆಯಲ್ಲಿ ನಡೆಯುತ್ತದೆ. ನಾಲ್ಕು ವರ್ಷದ ಸೇವೆ, ನಂತರ ನಾಲ್ಕರಲ್ಲಿ ಒಂದು ಪಾಲಿನವರೆಗೆ ಕಾಯಂ. ವಯಸ್ಸು, ಓದಿನ ನಿಯಮಗಳನ್ನು ಆಯಾ ವರ್ಷದ ಸೇನೆಯ ಪ್ರಕಟಣೆಯಲ್ಲೇ ನೋಡಿ. ದುಡ್ಡು ಕೊಟ್ಟರೆ ಕೆಲಸ ಮಾಡಿಸುತ್ತೇನೆ ಅನ್ನುವ ದಲ್ಲಾಳಿಗೆ ಒಂದು ರೂಪಾಯಿ ಕೊಡಬೇಡಿ.

ನಮ್ಮ ಅಜ್ಜ, ಮುತ್ತಜ್ಜ ಈ ಪಲ್ಟನ್ನಿನಲ್ಲಿದ್ದರು. ದಾಖಲೆ ಹೇಗೆ ಹುಡುಕುವುದು?

ಮೊದಲು ಮನೆಯ ಟ್ರಂಕ್ ತೆರೆಯಿರಿ. ಡಿಸ್ಚಾರ್ಜ್ ಪುಸ್ತಕ, ಪಿಂಚಣಿ ಕಾಗದ, ಪದಕ, ಇವುಗಳಲ್ಲಿ ಯಾವುದಾದರೂ ಒಂದು ಇದ್ದೇ ಇರುತ್ತದೆ. ಹಳೆಯ ಪದಕವನ್ನು ಬೆಳಕಿಗೆ ಹಿಡಿದು ಅಂಚು ತಿರುಗಿಸಿ ನೋಡಿ. ಮೊದಲ ಮಹಾಯುದ್ಧದ ಪದಕಗಳ ಅಂಚಿನಲ್ಲಿ ನಂಬರ್, ಹುದ್ದೆ, ಹೆಸರು, ಪಲ್ಟನ್ ಚಿಕ್ಕ ಅಕ್ಷರದಲ್ಲಿ ಕೆತ್ತಿರುತ್ತದೆ. ಹುಣಸೆಹಣ್ಣು ಹಾಕಿ ಉಜ್ಜಬೇಡಿ, ಅಕ್ಷರ ಸವೆದುಹೋಗುತ್ತದೆ.

ಸ್ವಾತಂತ್ರ್ಯದ ನಂತರ ಸೇವೆ ಮಾಡಿದವರಾದರೆ ಬೆಳಗಾವಿಯಲ್ಲಿರುವ ಮರಾಠಾ ಲೈಟ್ ಇನ್‌ಫೆಂಟ್ರಿಯ ರೆಕಾರ್ಡ್ ಆಫೀಸಿಗೆ ಬರೆಯಿರಿ. ನಿಮ್ಮ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯವರೂ ಅರ್ಜಿ ಬರೆಯಲು ನೆರವಾಗುತ್ತಾರೆ. ಮಹಾಯುದ್ಧಗಳಲ್ಲಿ ತೀರಿಕೊಂಡವರಾದರೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಆನ್‌ಲೈನ್ ಪಟ್ಟಿಯಲ್ಲಿ ಹುಡುಕಿ. ಕಲ್ಲಿನ ಮೇಲೆ ಬರೆಯದೆ ಬಿಟ್ಟ ಎಷ್ಟೋ ಸಿಪಾಯಿಗಳ ಹೆಸರು ಆ ಪಟ್ಟಿಯಲ್ಲಿ ಸಿಗುತ್ತದೆ. ಕೆಲವರ ತಂದೆಯ ಹೆಸರು, ಊರು, ತಾಲೂಕು ಕೂಡ.

ಸ್ಪೆಲಿಂಗ್ ಬಗ್ಗೆ ಮಾತ್ರ ಎಚ್ಚರ. ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದಿದ್ದಾರೆ. ಜಾಧವ್ ಒಂದು ಕಡೆ ಜಾದವ್, ಇನ್ನೊಂದು ಕಡೆ ಜಾದೋ. ಹೆಸರು ಸಿಗದಿದ್ದರೆ ಊರಿನಿಂದ ಹುಡುಕಿ, ಅದೂ ಆಗದಿದ್ದರೆ ರೆಜಿಮೆಂಟ್ ನಂಬರಿನಿಂದ. 1903ರಿಂದ 1922ರ ನಡುವಿನವರಿಗೆ 103ನೇ ಮರಾಠಾ ಅಂತ ಹಾಕಿ, ಆಮೇಲಿನವರಿಗೆ 5ನೇ ಮರಾಠಾದ 1ನೇ ಬೆಟಾಲಿಯನ್ ಅಂತ.